ದಾರಿಯ ಗುಳಿಗೆ ದಾರಿಗೇ ಇರಲಿ

ಆದವಾನಿ, ಎಮ್ಮಿಗನೂರುಗಳ ಬಸ್ ನಿಲ್ದಾಣದ ಸುತ್ತಲಿನ ಔಷಧದ ಅಂಗಡಿಗಳಿಗೆ ಎರಡು ತೆರನ ಗಿರಾಕಿಗಳು ಬರುತ್ತಾರೆ. ಮೊದಲಿನವರು ತಿರುಪತಿಗೋ ಶ್ರೀಶೈಲಕ್ಕೋ ಬೆಂಗಳೂರಿಗೋ ಹೊರಟವರು. ದಾರಿಯಲ್ಲಿ ವಾಂತಿಯಾಗದಿರಲೆಂದು ಎರಡು ಗುಳಿಗೆ ಕೇಳಿ ಒಯ್ಯುತ್ತಾರೆ. ಎರಡನೆಯವರು ಎಲ್ಲಿಗೂ ಹೊರಟವರಲ್ಲ. ಮನೆಯಲ್ಲಿ ತಾಯಿಗೋ ಅತ್ತೆಗೋ ತಲೆ ತಿರುಗುತ್ತದೆಂದು, ಎಂದೋ ಒಮ್ಮೆ ವೈದ್ಯರು ಬರೆದುಕೊಟ್ಟ ಗುಳಿಗೆಯ ಖಾಲಿ ಶೀಟನ್ನು ಸೆರಗಿನ ಗಂಟಿನಿಂದ ತೆಗೆದು ತೋರಿಸಿ, ಅದನ್ನೇ ಮತ್ತೆ ಹತ್ತು ಕೊಡಿ ಎನ್ನುತ್ತಾರೆ. ಅಂಗಡಿಯವನು ಇಬ್ಬರಿಗಾಗಿಯೂ ಕೈ ನೀಡುವುದು ಹೆಚ್ಚುಕಡಿಮೆ ಒಂದೇ ಕಪಾಟಿಗೆ. ಮೊದಲಿನವರು ವರ್ಷಕ್ಕೆ ನುಂಗುವ ಗುಳಿಗೆ ನಾಲ್ಕೋ ಆರೋ. ಎರಡನೆಯವರದು ದಿನಕ್ಕೆ ಎರಡರಂತೆ, ವರ್ಷಗಟ್ಟಲೆ. ಈ ಲೇಖನದಲ್ಲಿ ಇಬ್ಬರ ವಿಷಯವನ್ನೂ ಹೇಳಲಿದ್ದೇವೆ. ಆದರೆ ನಮ್ಮ ಚಿಂತೆ ಹೆಚ್ಚಾಗಿ ಎರಡನೆಯವರದು.

ನಂದವರಂ ಮಂಡಲದ ಕನ್ನಡ ಮನೆಗಳನ್ನು ಮುಂದಿಟ್ಟುಕೊಂಡು ನಾವು ಇದನ್ನು ಬರೆಯುತ್ತಿದ್ದೇವೆ. ಚೌಡೇಶ್ವರಿ ದೇವಿಯ ಗುಡಿಗೆ ಹೆಸರಾದ ನಂದವರಂ ಬೇರೆ. ಅದು ಬನಗಾನಪಲ್ಲಿಯ ಬಳಿಯದು, 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ನಾವು ಹೇಳುವುದು ಎಮ್ಮಿಗನೂರಿನ ಆಚೆ, ತುಂಗಭದ್ರೆಯ ಕಡೆಗೆ, ಮಂತ್ರಾಲಯಕ್ಕೆ ನೆರೆಯಾಗಿರುವ ನಂದವರಂ. 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. ಬಳ್ಳಾರಿ ಇತ್ತ ಉಳಿಯಿತು. ಅಂದಿನಿಂದ ಈ ಸೀಮೆಯ ಕನ್ನಡಿಗನ ಬದುಕು ಪ್ರಯಾಣದ ಬದುಕಾಯಿತು. ಮಗಳನ್ನು ಕೊಟ್ಟದ್ದು ರಾಯಚೂರಿಗೆ, ಕಚೇರಿಯ ಕೆಲಸ ಕರ್ನೂಲಿನಲ್ಲಿ, ಆಸ್ಪತ್ರೆಗೆ ಕೆಲವೊಮ್ಮೆ ಬಳ್ಳಾರಿ, ಕೂಲಿಗೆ ಬೆಂಗಳೂರು. ಮಳೆ ಕೈಕೊಟ್ಟ ವರ್ಷ ಇಡೀ ಸಂಸಾರವೇ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ, ಟೆಂಪೊ ಲಾರಿಗಳಲ್ಲಿ ಪಾತ್ರೆ ಪಗಡಿ, ಕೈಕೂಸುಗಳ ಸಮೇತ ಹೊರಡುತ್ತದೆ. ಇಂಥ ಜನಕ್ಕೆ ಪ್ರಯಾಣದ ವಾಂತಿಯೆಂಬುದು ಸಣ್ಣ ಕಿರುಕುಳವೆಂದು ನಗುವ ಮಾತಲ್ಲ.

ಪಿತ್ತವಲ್ಲ, ಕಿವಿ

ಬಸ್ಸಿನಲ್ಲಿ ವಾಂತಿಯಾದರೆ ನಮ್ಮ ಹಿರಿಯರು ಪಿತ್ತವೇರಿತು ಎನ್ನುತ್ತಾರೆ. ಕೊನೆಗೆ ಹೊರಬೀಳುವ ಹಳದಿಯ ಕಹಿನೀರನ್ನು ಕಂಡವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಪಿತ್ತ ಕೊನೆಗೆ ಬರುವುದೇ ಹೊರತು ಮೊದಲಿನ ಕಾರಣವಲ್ಲ. ಹೊಟ್ಟೆ ಬರಿದಾದ ಮೇಲೆ ಉಳಿದದ್ದು ಅದೊಂದೇ. ಮೂಲವಿರುವುದು ಒಳಗಿವಿಯಲ್ಲಿ. ಅಲ್ಲಿ ಒಂದಕ್ಕೊಂದು ಅಡ್ಡಲಾಗಿ ಮೂರು ಅರ್ಧವರ್ತುಲ ನಾಳಗಳಿವೆ, ಅವುಗಳೊಳಗೆ ದ್ರವವಿದೆ. ತಲೆ ಯಾವ ದಿಕ್ಕಿಗೆ ತಿರುಗಿತೆಂಬುದನ್ನು ಆ ದ್ರವದ ಚಲನೆಯಿಂದ ಮೆದುಳು ಅರಿಯುತ್ತದೆ. ಅವುಗಳ ಪಕ್ಕದಲ್ಲಿಯೇ ಸುಣ್ಣದ ಅತಿಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ಮೇಲೆ ಕೆಳಗೆ, ಹಿಂದೆ ಮುಂದೆ ಆಗುವ ಚಲನೆಯನ್ನು ಅವು ತಿಳಿಸುತ್ತವೆ. ಈ ಹರಳುಗಳ ಮಾತು ಮುಂದೆ ಇನ್ನೊಮ್ಮೆ ಬರಲಿದೆ.

ಬಸ್ಸಿನೊಳಗೆ ಕುಳಿತವನ ಕಣ್ಣು ಮುಂದಿನ ಆಸನದ ಬೆನ್ನನ್ನೋ ಕೈಯಲ್ಲಿನ ಮೊಬೈಲನ್ನೋ ನೋಡಿ, ನಾನು ಅಲುಗುತ್ತಿಲ್ಲ ಎನ್ನುತ್ತದೆ. ಕಿವಿಯಾದರೋ, ಅಲುಗುತ್ತಿದ್ದೇನೆ, ತಿರುಗುತ್ತಿದ್ದೇನೆ ಎನ್ನುತ್ತದೆ. ಇಬ್ಬರು ಸಾಕ್ಷಿಗಳ ಹೇಳಿಕೆ ಹೊಂದದಿದ್ದಾಗ ಮೆದುಳಿನ ನ್ಯಾಯಸ್ಥಾನದಲ್ಲಿ ಗಲಿಬಿಲಿಯುಂಟಾಗಿ, ಅದರ ದಂಡವನ್ನು ಜಠರ ತೆರಬೇಕಾಗುತ್ತದೆ. ಬಸ್ಸು ನಡೆಸುವ ಚಾಲಕನಿಗೆ ವಾಂತಿ ಬರುವುದು ಅಪರೂಪವೇಕೆಂಬುದು ಇದರಿಂದ ತಿಳಿಯುತ್ತದೆ. ಮುಂದಿನ ತಿರುವು ಯಾವ ಕಡೆಗೆಂಬುದು ಅವನ ಕಣ್ಣಿಗೆ ಮೊದಲೇ ಗೊತ್ತು. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಬಾಧೆ ಬಹಳ ಕಡಿಮೆ. ಶಾಲೆಗೆ ಹೋಗುವ ಆರರಿಂದ ಹನ್ನೆರಡರ ವಯಸ್ಸಿನಲ್ಲಿ ಅತಿ ಹೆಚ್ಚು. ಆಮೇಲೆ ಬಹುಮಂದಿಗೆ ತಾನಾಗಿಯೇ ಇಳಿಯುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಸುರಿನಲ್ಲಿ ಇನ್ನೂ ಹೆಚ್ಚು.

ಕಾರಣವನ್ನು ಬಲ್ಲವನಿಗೆ ಗುಳಿಗೆಯಿಲ್ಲದ ಉಪಾಯಗಳೂ ಹೊಳೆಯುತ್ತವೆ. ಬಸ್ಸಿನ ಹಿಂದಿನ ಸಾಲನ್ನು ಬಿಟ್ಟು ಮುಂಭಾಗದಲ್ಲಿ, ಚಕ್ರಗಳ ನಡುವೆ ಕುಳಿತುಕೊಳ್ಳಬೇಕು. ಎದುರಿನ ಗಾಜಿನಿಂದ ದೂರದ ಬಯಲಂಚನ್ನು ನೋಡುತ್ತಿರಬೇಕು. ಅದಾಗದಿದ್ದರೆ ತಲೆಯನ್ನು ಆಸನಕ್ಕೆ ಒರಗಿಸಿ ಕಣ್ಣು ಮುಚ್ಚಬೇಕು. ಜೀಪು, ಟೆಂಪೊಗಳ ಅಡ್ಡ ಬೆಂಚಿನ ಮೇಲೆ ಹೊರಗೆ ಕಾಣದಂತೆ ಕುಳಿತು ಹೋಗುವುದಕ್ಕಿಂತ ಕೆಟ್ಟ ಆಸನವಿಲ್ಲ. ವಾಂತಿಯ ಮಗುವನ್ನು ಅಲ್ಲಿ ಕೂರಿಸಲೇಬಾರದು. ಹೊರಡುವ ಮುನ್ನ ಪುರಿ, ಮಿರ್ಚಿ ಬಜ್ಜಿಗಳನ್ನು ತಿನ್ನುವುದೂ ತಪ್ಪು, ಬರಿಹೊಟ್ಟೆಯಲ್ಲಿ ಹೊರಡುವುದೂ ತಪ್ಪು. ಎರಡು ಇಡ್ಲಿಯೋ ಸ್ವಲ್ಪ ಮೊಸರನ್ನವೋ ಸಾಕು. ಶುಂಠಿಯಿಂದ ಕೆಲವರಿಗೆ ಹಿತವಾಗುತ್ತದೆ. ಪರೀಕ್ಷೆಗಳ ಫಲ ಎಲ್ಲೆಡೆ ಒಂದೇ ತೆರನಾಗಿಲ್ಲವಾದರೂ ಒಂದು ಚೂರು ಶುಂಠಿಯಿಂದ ಕೆಡುವಂಥದೇನೂ ಇಲ್ಲ. ನಿಂಬೆಹಣ್ಣನ್ನು ಮೂಸುವವರನ್ನೂ ನಾವು ಹಾಸ್ಯಮಾಡುವುದಿಲ್ಲ. ಆದವಾನಿಯ ಮೂಲಕ ರೈಲಿರುವಾಗ ರೈಲಿನಲ್ಲಿ ಹೋಗುವುದು ಎಲ್ಲಕ್ಕಿಂತ ಮೇಲು.

ತಿರುಮಲೆಯ ಬೆಟ್ಟದ ಬಗೆಗೆ ಒಂದು ಮಾತು. ಅಲ್ಲಿ ಏರುವಾಗ ಸುಖವಾಗಿದ್ದವರು ಇಳಿಯುವಾಗ ವಾಂತಿ ಮಾಡುವುದುಂಟು. 1944ರಲ್ಲಿ ತೆರೆದ ಹಳೆಯ ಘಾಟಿಯ ದಾರಿ ಈಗ ಇಳಿಯುವುದಕ್ಕೆ. 1974ರ ಹೊಸ ದಾರಿ ಏರುವುದಕ್ಕೆ. ಹಳೆಯದರಲ್ಲಿ ಹಿಮ್ಮುರಿ ತಿರುವುಗಳು ಬಹಳ ಹೆಚ್ಚು. ದರ್ಶನ ಮುಗಿದ ಸಂತೋಷದಲ್ಲಿ ಹೊಟ್ಟೆತುಂಬ ಉಂಡು ಇಳಿಯುವ ಬಸ್ಸು ಹತ್ತುವವರು ಇದನ್ನು ನೆನಪಿಡಬೇಕು.

ಗುಳಿಗೆಯ ಪೂರ್ವವೃತ್ತಾಂತ

ನಮ್ಮ ಹೊಲದ ಬದುಗಳಲ್ಲಿ, ಹಾಳು ದಿಬ್ಬಗಳ ಮೇಲೆ ಬೆಳೆಯುವ ಉಮ್ಮತ್ತಿಯ ಗಿಡವನ್ನು ಕಾಣದವರಾರು? ಶಿವನಿಗೆ ಏರಿಸುವ ಆ ಹೂವಿನ ಗಿಡದಲ್ಲಿ ಹಯೋಸಿನ್ ಎಂಬ ಸತ್ತ್ವವಿದೆ. ಪ್ರಯಾಣದ ವಾಂತಿಗೆ ಇದುವರೆಗೆ ತಿಳಿದ ಮದ್ದುಗಳಲ್ಲಿ ಬಹು ಬಲವಾದದ್ದು ಅದೇ. ಎರಡನೆಯ ಮಹಾಯುದ್ಧದಲ್ಲಿ, 1944ರ ಜೂನಿನಲ್ಲಿ, ನಾರ್ಮಂಡಿಯ ತೀರಕ್ಕೆ ದೋಣಿಗಳಲ್ಲಿ ಹೊರಟ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಗುಳಿಗೆಯಲ್ಲಿ ಇದ್ದದ್ದು ಈ ಹಯೋಸಿನ್. ಹೀಗೆಂದ ಮಾತ್ರಕ್ಕೆ ಯಾರೂ ಉಮ್ಮತ್ತಿಯ ಎಲೆ ಬೀಜಗಳಿಗೆ ಕೈಹಾಕಬಾರದು. ಮದ್ದಿನ ಅಳತೆ ಮಿಲಿಗ್ರಾಮಿನ ಒಂದು ಸಣ್ಣ ಅಂಶ. ಗಿಡದಲ್ಲಿ ಎಷ್ಟಿದೆಯೆಂದು ಹೇಳಬಲ್ಲವರಿಲ್ಲ. ಹಿಡಿ ಬೀಜ ಬುದ್ಧಿಭ್ರಮಣೆಯನ್ನೂ ಸಾವನ್ನೂ ತರುತ್ತದೆ.

ಇಂದು ಅಂಗಡಿಯಲ್ಲಿ ದೊರೆಯುವ ಗುಳಿಗೆಗಳ ಕಥೆ ಆರಂಭವಾಗುವುದು ಬೇರೊಂದು ಕಾಯಿಲೆಯಿಂದ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಲೆಸ್ಲಿ ಗೇ, ಪಾಲ್ ಕಾರ್ಲಿನರ್ ಎಂಬ ವೈದ್ಯರು ಮೈಮೇಲೆ ದದ್ದೆದ್ದ ಒಬ್ಬ ಮಹಿಳೆಗೆ ಹೊಸ ಔಷಧವೊಂದನ್ನು ಕೊಟ್ಟರು. ನಮ್ಮಲ್ಲಿ ಪಿತ್ತಗಂದೆ ಎನ್ನುತ್ತೇವಲ್ಲ, ಆ ದದ್ದು. ಆಕೆಗೆ ಟ್ರಾಂ ಗಾಡಿಯಲ್ಲಿ ಕುಳಿತರೆ ಸದಾ ವಾಕರಿಕೆ. ಈ ಗುಳಿಗೆ ತೆಗೆದುಕೊಂಡ ದಿನ ಮಾತ್ರ ಅದಿಲ್ಲವೆಂದು ಆಕೆ ತಿಳಿಸಿದಳು. ವೈದ್ಯರು ಆ ಮಾತನ್ನು ಅಲಕ್ಷಿಸಲಿಲ್ಲ. ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನಿಂದ ಜರ್ಮನಿಯ ಬ್ರೆಮರ್‌ಹಾವೆನ್ ಬಂದರಿಗೆ ಸೈನಿಕರನ್ನು ಸಾಗಿಸುತ್ತಿದ್ದ 'ಜನರಲ್ ಬಲ್ಲೂ' ಎಂಬ ಹಡಗಿನಲ್ಲಿ ಕೆಲವರಿಗೆ ಔಷಧವನ್ನೂ ಕೆಲವರಿಗೆ ಬರಿಯ ಸಕ್ಕರೆಯ ಗುಳಿಗೆಯನ್ನೂ ಕೊಟ್ಟು ಪರೀಕ್ಷಿಸಿದರು. ಔಷಧ ಗೆದ್ದಿತು. ಅದೇ ಡ್ರಾಮಮೈನ್, ಅಂದರೆ ಡೈಮೆನ್‌ಹೈಡ್ರಿನೇಟ್. ಅದರ ದಾಯಾದಿಯಾದ ಪ್ರೋಮೆಥಜೀನ್ ನಮ್ಮ ದೇಶದಲ್ಲಿ ಆವೊಮಿನ್ ಎಂಬ ಹೆಸರಿನಿಂದ ಮನೆಮಾತಾಗಿದೆ. ದದ್ದು, ನೆಗಡಿಗಳ ಮದ್ದಿನ ವಂಶದಲ್ಲಿಯೇ ಇವು ಹುಟ್ಟಿದವೆಂಬುದನ್ನು ಮರೆಯಬಾರದು. ಆ ವಂಶದ ಗುಣವೆಂದರೆ ನಿದ್ರೆ.

ದಾರಿಗೆ ಹೇಗೆ

ವಾಂತಿ ಆರಂಭವಾದ ಮೇಲೆ ಗುಳಿಗೆ ನುಂಗುವುದು ನಮ್ಮಲ್ಲಿ ಬಹುಮಂದಿ ಮಾಡುವ ತಪ್ಪು. ವಾಕರಿಕೆ ಹತ್ತಿದೊಡನೆ ಜಠರದ ಕೆಲಸ ನಿಧಾನವಾಗುತ್ತದೆ. ನುಂಗಿದ್ದು ಮುಂದೆ ಸಾಗದೆ ಅಲ್ಲಿಯೇ ಕುಳಿತು ಮುಂದಿನ ವಾಂತಿಯೊಂದಿಗೆ ಹೊರಬರುತ್ತದೆ. ಆಗ ತಾಯಂದಿರು, ಹೊರಗೆ ಬಂತಲ್ಲ ಎಂದು ಇನ್ನೊಂದು ಕೊಡುತ್ತಾರೆ. ಮೊದಲಿನದು ಎಷ್ಟು ಒಳಗೆ ಉಳಿಯಿತೆಂಬುದು ಯಾರಿಗೂ ತಿಳಿಯದು. ಆವೊಮಿನನ್ನು ದೊಡ್ಡವರು ಹೊರಡುವ ಒಂದೆರಡು ಗಂಟೆ ಮುಂಚೆ 25 ಮಿಲಿಗ್ರಾಮಿನ ಒಂದು ಗುಳಿಗೆಯಂತೆ ತೆಗೆದುಕೊಳ್ಳುವುದು ಪದ್ಧತಿ. ಬೆಳಗಿನ ಜಾವದ ಬಸ್ಸಾದರೆ ಹಿಂದಿನ ರಾತ್ರಿ ಮಲಗುವಾಗ ತೆಗೆದುಕೊಂಡರೂ ಆಗುತ್ತದೆ.

ಅಂಗಡಿಯವರು ಕೆಲವೊಮ್ಮೆ ಆಂಡನ್‌ಸೆಟ್ರಾನ್ ಕೊಡುತ್ತಾರೆ. ಹೊಟ್ಟೆ ಕೆಟ್ಟ ವಾಂತಿಗೂ, ಅರ್ಬುದದ ಚಿಕಿತ್ಸೆಯ ವಾಂತಿಗೂ ಅದು ಒಳ್ಳೆಯ ಔಷಧ. ಬಸ್ಸಿನ ವಾಂತಿಗೆ ಅದರಿಂದ ಪ್ರಯೋಜನ ಕಾಣದು. ಕಾರಣ ಕಿವಿಯಲ್ಲಿರುವಾಗ ಹೊಟ್ಟೆಯ ಬಾಗಿಲಿಗೆ ಬೀಗ ಹಾಕಿದಂತೆ. ಹಣವೂ ಹೋಯಿತು, ವಾಂತಿಯೂ ಆಯಿತು ಎಂದು ಗೊಣಗುವವರು ಮುಂದಿನ ಸಲ ಗುಳಿಗೆಯ ಹೆಸರನ್ನು ಓದಿಸಿ ಕೇಳಬೇಕು.

ಹೆಸರೆಂದಾಗ ನೆನಪಾಯಿತು. ಎರಡೇ ಗುಳಿಗೆ ಸಾಕೆಂದರೆ ಅಂಗಡಿಯವನು ಕತ್ತರಿಯಿಂದ ಶೀಟಿನ ತುಂಡೊಂದನ್ನು ಕತ್ತರಿಸಿ ಕೊಡುತ್ತಾನೆ. ಹೆಸರು ಒಂದು ತುಂಡಿನಲ್ಲಿ, ಗಡುವಿನ ತಾರೀಖು ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತವೆ. ಮನೆಗೆ ಬಂದ ಆ ಅನಾಮಧೇಯ ಗುಳಿಗೆ ಆರು ತಿಂಗಳ ಮೇಲೆ ಜ್ವರಕ್ಕೋ ನೆಗಡಿಗೋ ಯಾರದೋ ಬಾಯಿಗೆ ಹೋಗುತ್ತದೆ. ಒಂದು ಚೂರು ಕಾಗದದಲ್ಲಿ ಕನ್ನಡದಲ್ಲಿಯೇ ಹೆಸರು, ತಾರೀಖು, ಯಾತಕ್ಕೆಂಬುದನ್ನು ಬರೆದು ಸುತ್ತಿಡುವುದಕ್ಕೆ ಎಷ್ಟು ಹೊತ್ತು ಬೇಕು?

ಮಕ್ಕಳ ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಎರಡು ವರ್ಷದೊಳಗಿನ ಕೂಸಿಗೆ ಪ್ರೋಮೆಥಜೀನ್ ಕೊಡಲೇಬಾರದು; ಉಸಿರಾಟ ಕುಗ್ಗಿ ಸಾವುಗಳಾದ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2004ರಲ್ಲಿ ಈ ಬಗೆಗೆ ಅತಿ ಕಟುವಾದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ವಿಧಿಸಿತು. ಮೊದಲೇ ಹೇಳಿದಂತೆ ಆ ವಯಸ್ಸಿನ ಕೂಸಿಗೆ ಬಸ್ಸಿನ ವಾಂತಿಯೇ ಅಪರೂಪ. ಕೂಸು ದಾರಿಯಲ್ಲಿ ಸುಮ್ಮನಿರಲಿ, ನಿದ್ರೆ ಮಾಡಲಿ ಎಂದು ಗುಳಿಗೆಯ ಚೂರನ್ನು ಹಾಲಿನಲ್ಲಿ ಕದಡಿ ಕುಡಿಸುವ ಅಭ್ಯಾಸವಿದ್ದರೆ ಅದನ್ನು ಇಂದೇ ನಿಲ್ಲಿಸಬೇಕು. ಗುಂಟೂರಿನ ರಾತ್ರಿಯ ಟೆಂಪೊದಲ್ಲಿ ಮೂಟೆಗಳ ನಡುವೆ ಮಲಗಿದ ಕೂಸಿನ ಉಸಿರು ನಿಧಾನವಾದರೆ ಕಾಣುವವರಾರು? ದೊಡ್ಡ ಮಕ್ಕಳಿಗೆ ಎಷ್ಟು ಕೊಡಬೇಕೆಂಬುದನ್ನು ವಯಸ್ಸು, ತೂಕಗಳನ್ನು ನೋಡಿ ವೈದ್ಯರು ಹೇಳಬೇಕು. ಅಂದಾಜಿನ ಅರ್ಧ, ಕಾಲು ತುಂಡುಗಳಲ್ಲ. ನೆಗಡಿಯ ಸಿರಪ್ಪನ್ನು ಕುಡಿದ ಮಗುವಿಗೆ ಬಸ್ಸಿನ ಗುಳಿಗೆಯನ್ನೂ ಕೊಟ್ಟರೆ ನಿದ್ರೆಯ ಮದ್ದು ಎರಡು ಸಲ ಕೊಟ್ಟಂತೆ, ಏಕೆಂದರೆ ಸಿರಪ್ಪಿನಲ್ಲಿಯೂ ಅದೇ ವಂಶದ ಔಷಧವಿರುವುದುಂಟು.

ಇನ್ನೊಂದು ಸಂಗತಿ ತಾಯಂದಿರಿಗೆ ತಿಳಿದಿರಲೇಬೇಕು. ಸ್ಟೆಮೆಟಿಲ್ ಎಂಬ ಹೆಸರಿನ ಪ್ರೋಕ್ಲೋರ್‌ಪೆರಜೀನ್, ಹಾಗೆಯೇ ಮೆಟೊಕ್ಲೋಪ್ರಮೈಡ್, ಇವೆರಡೂ ವಾಂತಿಗೆ ಕೊಡುವ ಬೇರೆ ಕುಲದ ಔಷಧಗಳು. ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲಿಯೂ ಹುಡುಗಿಯರಲ್ಲಿ, ತೆಗೆದುಕೊಂಡ ಒಂದೆರಡು ದಿನಗಳೊಳಗೆ ಒಮ್ಮೊಮ್ಮೆ ವಿಚಿತ್ರವೊಂದು ಕಾಣಿಸಿಕೊಳ್ಳುತ್ತದೆ. ಕಣ್ಣುಗುಡ್ಡೆಗಳು ಮೇಲಕ್ಕೆ ಹೊರಳಿ ನಿಲ್ಲುತ್ತವೆ. ಕುತ್ತಿಗೆ ಒಂದು ಕಡೆಗೆ ತಿರುಚುತ್ತದೆ. ನಾಲಗೆ ಹೊರಚಾಚುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಬುದ್ಧಿ ಮಾತ್ರ ಸ್ವಚ್ಛವಾಗಿರುತ್ತದೆ. ಹುಡುಗಿ ಎಲ್ಲವನ್ನೂ ಕೇಳುತ್ತಿರುತ್ತಾಳೆ. ಇದನ್ನು ಕಂಡವರು ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಲು ಓಡುವುದು ಸಹಜವೇ ಸರಿ. ಓಡಬೇಕಾದದ್ದು ಆಸ್ಪತ್ರೆಗೆ, ನುಂಗಿದ ಗುಳಿಗೆಯ ಶೀಟನ್ನು ಕೈಯಲ್ಲಿ ಹಿಡಿದು. ಕಾರಣ ತಿಳಿದ ವೈದ್ಯರು ಒಂದು ಚುಚ್ಚುಮದ್ದು ಕೊಟ್ಟರೆ ಅರ್ಧ ಗಂಟೆಯೊಳಗೆ ಕುತ್ತಿಗೆ ನೆಟ್ಟಗಾಗುತ್ತದೆ. ಆಮೇಲೆ ಆ ಗುಳಿಗೆಯ ಹೆಸರನ್ನು ಆ ಹುಡುಗಿಯ ಜೀವಮಾನವೆಲ್ಲ ನೆನಪಿಡಬೇಕು. ಪ್ರತಿ ವೈದ್ಯರಿಗೂ ಹೇಳಬೇಕು.

ಆವೊಮಿನ್ ತೆಗೆದುಕೊಂಡವನು ಮೋಟಾರು ಸೈಕಲ್ಲನ್ನಾಗಲಿ ಟ್ರ್ಯಾಕ್ಟರನ್ನಾಗಲಿ ನಡೆಸಕೂಡದು. ಬೆಳಿಗ್ಗೆ ತೆಗೆದುಕೊಂಡದ್ದು ಸಂಜೆಗೆ ಬಸ್ಸಿಳಿದು ಊರಿಗೆ ಬೈಕಿನಲ್ಲಿ ಹೋಗುವಾಗಲೂ ಕಣ್ಣೆಳೆಯಬಹುದು; ಕೆಲವರಿಗೆ ಮರುದಿನದವರೆಗೂ ಮಂಪರು ಇರುತ್ತದೆ. ಕಳ್ಳು, ಸಾರಾಯಿಗಳೊಂದಿಗೆ ಸೇರಿದರೆ ಮಂಪರು ಉಸಿರಿನ ಮೇಲೆಯೇ ಬಂದು ಕೂರುತ್ತದೆ. ಈ ಗುಳಿಗೆಗಳು ಬೆವರನ್ನು ತಗ್ಗಿಸುತ್ತವೆಂಬುದನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ, ಕಬ್ಬಿಣದ ಮೈಯ ಬಸ್ಸಿನೊಳಗೆ, ಬೆವರು ಬಾರದ ಮುದುಕನಿಗೆ ಬಿಸಿಲ ಹೊಡೆತ ಬೇಗ ತಗಲುತ್ತದೆ. ಮೂತ್ರ ಕಟ್ಟುವ ತೊಂದರೆಯುಳ್ಳ ವೃದ್ಧರೂ, ಕಣ್ಣೊಳಗಿನ ಒತ್ತಡದ ಕಾಯಿಲೆಯವರೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಬಸುರಿಯ ವಾಂತಿಗೆ ಮದ್ದಿಲ್ಲವೆಂದೇನೂ ಅಲ್ಲ. ವೈದ್ಯರು ಧೈರ್ಯವಾಗಿ ಬರೆಯುವ ಔಷಧಗಳಿವೆ. ಆದರೆ ಅಂಗಡಿಯಿಂದ ತಾನಾಗಿ ಕೊಂಡು ನುಂಗುವ ಕಾಲ ಅದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎಂಬ ನಿರಪಾಯವೆನಿಸಿದ ನಿದ್ರೆಯ ಗುಳಿಗೆಯನ್ನು ಬಸುರಿನ ವಾಕರಿಕೆಗೂ ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳುವ ವೇಳೆಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು.

ಮನೆಯೊಳಗಿನ ತಲೆಸುತ್ತು

ಇನ್ನು ಎರಡನೆಯ ಗಿರಾಕಿಯ ವಿಷಯ. ತಲೆಸುತ್ತೆಂಬುದು ಜ್ವರದಂತೆ ಒಂದು ಲಕ್ಷಣ, ಕಾಯಿಲೆಯ ಹೆಸರಲ್ಲ. ಕನ್ನಡದಲ್ಲಿ ಇದಕ್ಕೆ ಎಷ್ಟು ಚೆಂದವಾದ ಭೇದಗಳಿವೆ! ಮನೆಯೇ ಗಿರಗಿರ ತಿರುಗಿದಂತಾಗುವುದು ತಲೆ ತಿರುಗುವುದು. ಎದ್ದುನಿಂತೊಡನೆ ಮಬ್ಬು ಕವಿಯುವುದು ಕಣ್ಣು ಕತ್ತಲೆ ಬರುವುದು. ಕಾಲು ನಿಲ್ಲದೆ ವಾಲಾಡುವುದು ಜೋಲಿ ಹೊಡೆಯುವುದು. ಮೂರಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಆದರೆ ತೆಲುಗು ವೈದ್ಯರ ಮುಂದೆ ನಿಂತ ನಮ್ಮ ತಾಯಂದಿರು ಈ ಮೂರನ್ನೂ 'ಕಳ್ಳು ತಿರುಗುತುನ್ನಾಯಿ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವೈದ್ಯರು ಆ ಮಾತಿಗೆ ತಕ್ಕ ಗುಳಿಗೆ ಬರೆಯುತ್ತಾರೆ. ತೆಲುಗಿನಲ್ಲಿಯೂ ಭೇದಗಳಿಗೆ ಬರವಿಲ್ಲ: ಸುತ್ತಿದಂತಾಗುವುದಕ್ಕೆ 'ತಲ ತಿರುಗುತೋಂದಿ', ಕಣ್ಣು ಕತ್ತಲೆಗೆ 'ಕಳ್ಳು ಬೈರ್ಲು ಕಮ್ಮುತುನ್ನಾಯಿ', ಜೋಲಿಗೆ 'ತೂಲುತುನ್ನಾನು'. ಯಾವಾಗ ಬರುತ್ತದೆ, ಮಲಗಿದಾಗಲೋ ಎದ್ದಾಗಲೋ, ಎಷ್ಟು ಹೊತ್ತು ಇರುತ್ತದೆ ಎಂಬಿಷ್ಟನ್ನು ಶಾಲೆಗೆ ಹೋಗುವ ಮಕ್ಕಳಿಂದ ತೆಲುಗಿನಲ್ಲಿ ಬರೆಯಿಸಿಕೊಂಡು ಹೋದರೆ ಅರ್ಧ ಪರೀಕ್ಷೆ ಅಲ್ಲಿಗೇ ಮುಗಿದಂತೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿಗೆ ತಲೆಯೆತ್ತಿದಾಗ ಒಂದು ನಿಮಿಷದೊಳಗಾಗಿ ಜಗತ್ತೆಲ್ಲ ಸುತ್ತಿ ನಿಲ್ಲುವುದು ಬಹು ಸಾಮಾನ್ಯವಾದ ಬಗೆ. ನಾವು ಮೊದಲು ಹೇಳಿದ ಸುಣ್ಣದ ಹರಳುಗಳು ತಮ್ಮ ಚೀಲದಿಂದ ಕಳಚಿ ನಾಳದೊಳಕ್ಕೆ ಜಾರಿರುವುದೇ ಇದಕ್ಕೆ ಕಾರಣ. ನಾಳದಲ್ಲಿ ಬಿದ್ದ ಹರಳನ್ನು ಗುಳಿಗೆ ಹೇಗೆ ತೆಗೆದೀತು? 1980ರಲ್ಲಿ ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು ರೋಗಿಯ ತಲೆಯನ್ನು ಕ್ರಮವಾಗಿ ನಾಲ್ಕು ಭಂಗಿಗಳಲ್ಲಿ ತಿರುಗಿಸಿ ಹರಳನ್ನು ಹೊರಕ್ಕೆ ಉರುಳಿಸುವ ಉಪಾಯವನ್ನು ತೋರಿಸಿದರು. ಜೊತೆಯ ವೈದ್ಯರು ನಕ್ಕರು. ಅವರ ಲೇಖನ ಅಚ್ಚಾಗಲು 1992ರವರೆಗೆ ಕಾಯಬೇಕಾಯಿತು. ಇಂದು ಕಿವಿ ಮೂಗು ಗಂಟಲಿನ ತಜ್ಞರು ಹತ್ತು ನಿಮಿಷದಲ್ಲಿ ಅದನ್ನು ಮಾಡುತ್ತಾರೆ. ಅನೇಕರಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ಕರ್ನೂಲು, ಬಳ್ಳಾರಿ, ರಾಯಚೂರುಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ತಜ್ಞರಿದ್ದಾರೆ.

ಕಣ್ಣು ಕತ್ತಲೆ ಬರುವವರ ಕಥೆ ಬೇರೆ. ರಕ್ತಹೀನತೆ, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದದ್ದು, ರಕ್ತದೊತ್ತಡದ ಗುಳಿಗೆ ಹೆಚ್ಚಾದದ್ದು, ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಉಣ್ಣದೆ ಉಳಿದದ್ದು, ಇವೇ ಅಲ್ಲಿ ಹೆಚ್ಚಿನ ಕಾರಣಗಳು. ಇಂಥವರಿಗೆ ಪ್ರೋಕ್ಲೋರ್‌ಪೆರಜೀನ್ ಕೊಟ್ಟರೆ ಅದು ನಿಂತಾಗಿನ ರಕ್ತದೊತ್ತಡವನ್ನು ಇನ್ನಷ್ಟು ಇಳಿಸುತ್ತದೆ. ತಲೆಸುತ್ತಿಗೆಂದು ನುಂಗಿದ್ದೇ ತಲೆಸುತ್ತನ್ನು ತಂದು, ಅದಕ್ಕಾಗಿ ಮತ್ತೊಂದು ನುಂಗುವಂತಾಗುತ್ತದೆ.

ಕಿವಿಯ ನರಕ್ಕೆ ಸೋಂಕು ತಗಲಿ ಏಕಾಏಕಿ ಭಯಂಕರವಾಗಿ ಸುತ್ತು ಬಂದವರಿಗೆ ಮಾತ್ರ ಈ ಗುಳಿಗೆಗಳಿಂದ ನಿಜವಾದ ಉಪಕಾರವಿದೆ. ಅದೂ ಮೊದಲ ಎರಡು ಮೂರು ದಿನ. ಆಮೇಲೆ ಮೆದುಳು ತಾನಾಗಿಯೇ ಹೊಸ ತೂಕವನ್ನು ಕಲಿಯತೊಡಗುತ್ತದೆ. ಗುಳಿಗೆಯನ್ನು ಮುಂದುವರಿಸಿದರೆ ಆ ಕಲಿಕೆಗೆ ಅಡ್ಡಿಯಾಗುತ್ತದೆ. ಎದ್ದು ನಡೆದಾಡುವುದೇ ಆಗ ಮದ್ದು.

ಮೂರು ದಿನದ ಮದ್ದು ಮೂರು ವರ್ಷದ್ದಾಗುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಅಜ್ಜಿಗೆ ಸುತ್ತು ಬಂದಿತು, ವೈದ್ಯರು ಐದು ದಿನಕ್ಕೆ ಬರೆದರು, ಗುಣವಾಯಿತು. ಬಿಟ್ಟರೆ ಮತ್ತೆ ಬಂದೀತೆಂಬ ಭಯದಿಂದ ಮಗ ಇನ್ನೊಂದು ಶೀಟು ತಂದ. ಪ್ರೋಕ್ಲೋರ್‌ಪೆರಜೀನ್ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧ. ಆದರೆ ಹಳೆಯ ಶೀಟೇ ಚೀಟಿಯಾಯಿತು. ವರ್ಷ ಕಳೆಯುವುದರೊಳಗೆ ಅಜ್ಜಿಯ ನಡಿಗೆ ನಿಧಾನವಾಯಿತು. ಹೆಜ್ಜೆಗಳು ಚಿಕ್ಕವಾದವು. ರೊಟ್ಟಿ ಬಡಿಯುವ ಕೈ ನಡುಗತೊಡಗಿತು. ಮುಖದಲ್ಲಿ ನಗೆ ಮೂಡದಾಯಿತು. ಮನೆಯವರು ವಯಸ್ಸಾಯಿತೆಂದರು. ಬೇರೊಬ್ಬ ವೈದ್ಯರು ಪಾರ್ಕಿನ್‌ಸನ್ ಎಂದು ಅದಕ್ಕೂ ಒಂದು ಗುಳಿಗೆ ಬರೆದರು. ಹಳೆಯ ಗುಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ, ಅದು ಬರಿಯ ತಲೆಸುತ್ತಿನದಲ್ಲವೇ?

ಅದೇ ಕಾರಣವಾಗಿರಬಹುದು. ಪ್ರೋಕ್ಲೋರ್‌ಪೆರಜೀನ್ ಮೆದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯದ ಕೆಲಸವನ್ನು ತಡೆಯುತ್ತದೆ; ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಕೊರತೆಯಾಗುವುದೂ ಅದೇ ದ್ರವ್ಯ. ಸ್ಟುಜೆರಾನ್ ಎಂಬ ಹೆಸರಿನಲ್ಲಿ ಬರುವ ಸಿನ್ನಾರಿಜಿನ್ ಕೂಡ ದೀರ್ಘಕಾಲ ತೆಗೆದುಕೊಂಡ ವೃದ್ಧರಲ್ಲಿ ಹೀಗೆಯೇ ನಡುಕವನ್ನು ತರುತ್ತದೆಂಬುದನ್ನು 1980ರ ದಶಕದಲ್ಲಿ ಸ್ಪೇನ್ ಹಾಗೂ ದಕ್ಷಿಣ ಅಮೆರಿಕದ ವೈದ್ಯರು ಗುರುತಿಸಿದರು. ಸಮಾಧಾನದ ಸಂಗತಿಯೆಂದರೆ, ಗುಳಿಗೆ ನಿಲ್ಲಿಸಿದರೆ ಕೆಲವು ವಾರ, ತಿಂಗಳುಗಳಲ್ಲಿ ಬಹುಮಂದಿಯ ನಡುಕ ಇಳಿಯುತ್ತದೆ. ಎಲ್ಲರದೂ ಇಳಿಯುವುದಿಲ್ಲ. ತಡವಾದಷ್ಟೂ ಕಷ್ಟ.

ಆದ್ದರಿಂದ ವಾಚಕರು ಮಾಡಬೇಕಾದ ಕೆಲಸ ಒಂದಿದೆ. ಮನೆಯ ಹಿರಿಯರು ನುಂಗುವ ಗುಳಿಗೆಗಳನ್ನೆಲ್ಲ, ರಕ್ತದೊತ್ತಡದ್ದು, ಸಕ್ಕರೆಯದು, ನಿದ್ರೆಯದು, ಯಾರೋ ಹೇಳಿದ್ದು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ 'ಇದು ಯಾತಕ್ಕೆ, ಎಷ್ಟು ದಿನ' ಎಂದು ಒಂದೊಂದಾಗಿ ಕೇಳಬೇಕು. ನಮ್ಮ ಲೇಖನವನ್ನೋದಿ ಯಾರೂ ತಾವಾಗಿ ಥಟ್ಟನೆ ನಿಲ್ಲಿಸುವುದು ಬೇಡ. ಬಹುಕಾಲ ತೆಗೆದುಕೊಂಡದ್ದನ್ನು ಹೇಗೆ ಇಳಿಸಬೇಕೆಂಬುದನ್ನು ಅವರೇ ಹೇಳಲಿ. ಒಬ್ಬ ವೈದ್ಯರು ಕರ್ನೂಲಿನಲ್ಲಿ, ಇನ್ನೊಬ್ಬರು ಬಳ್ಳಾರಿಯಲ್ಲಿ ಇರುವ ನಮ್ಮಂಥವರಿಗೆ ಈ ಚೀಲ ಇತರರಿಗಿಂತ ಹೆಚ್ಚು ಅವಶ್ಯ. ಗಡಿಯ ಆಚೆಗೆ ಬರೆದದ್ದು ಈಚೆಯವರಿಗೆ ಯಾರು ತಿಳಿಸಬೇಕು?

ಇಷ್ಟಾಗಿಯೂ ಯಾವ ಗುಳಿಗೆಗೂ ಕಾಯದೆ ಓಡಬೇಕಾದ ತಲೆಸುತ್ತೊಂದಿದೆ. ಸುತ್ತಿನೊಡನೆ ಮಾತು ತೊದಲಿದರೆ, ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾರದೆ ಹೋದರೆ, ಅದು ಕಿವಿಯದಲ್ಲ, ಮೆದುಳಿನ ರಕ್ತನಾಳದ್ದಿರಬಹುದು. ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ಆಂಬುಲೆನ್ಸಿನ ಸಂಖ್ಯೆ ಒಂದೇ, 108. ಕರೆಯುವಾಗ ಬಾಧೆ ಶುರುವಾದ ಗಂಟೆಯನ್ನು ಮರೆಯದೆ ಹೇಳಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ.